ಇಸಾಯೆವ್ ಮಹಾಶಯರ ಬಾಕಿ

ರಷ್ಯಾದ ಡ್ಯೂಮಾ ಸಭೆಯ ಸದಸ್ಯರಾದ ಆಂದ್ರೇಯ್ ಇಸಾಯೆವ್ ಅವರ ಮೇಲೆ 2022ರ ಫೆಬ್ರವರಿಯಲ್ಲಿ ಯೂರೋಪಿನ ಒಕ್ಕೂಟವೂ ಮಾರ್ಚಿಯಲ್ಲಿ ಅಮೆರಿಕವೂ ನಿರ್ಬಂಧ ವಿಧಿಸಿದವು. ಯುಕ್ರೇನಿನ ದೊನೆತ್ಸ್ಕ್, ಲುಹಾನ್ಸ್ಕ್ ಪ್ರಾಂತಗಳನ್ನು ಸ್ವತಂತ್ರ ರಾಜ್ಯಗಳೆಂದು ಮನ್ನಿಸಬೇಕೆಂದು ಫೆಬ್ರವರಿ 15ರಂದು ಡ್ಯೂಮಾದಲ್ಲಿ 351 ಮಂದಿ ಕೈ ಎತ್ತಿದರು. ಒಂಬತ್ತು ದಿನಗಳಲ್ಲಿ ಸೇನೆ ಗಡಿ ದಾಟಿತು. ಆ ಓಟಿಗೆ ಶಿಕ್ಷೆ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ನೆರೆಮನೆಗೆ ಬೆಂಕಿ ಇಡುವವನಿಗೆ ಕಡ್ಡಿ ಗೀರಿ ಕೊಟ್ಟವನೂ ತಪ್ಪಿತಸ್ಥನೇ. ಆದರೆ ಬ್ರಸೆಲ್ಸ್, ವಾಷಿಂಗ್ಟನ್ನಿನವರ ಲೆಕ್ಕದ ಪುಸ್ತಕ ಅಲ್ಲಿಂದ ಆರಂಭವಾಗುತ್ತದೆ. ರಷ್ಯಾದ ಕೆಲಸಗಾರರ ಪುಸ್ತಕದಲ್ಲಿ ಇವರ ಹೆಸರಿನ ಬಾಕಿ ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು.

ಈ ಮಹಾಶಯರು ಹುಟ್ಟಾ ದೊರೆಯ ಪಕ್ಷದವರಲ್ಲ. 1980ರ ದಶಕದ ಕೊನೆಯಲ್ಲಿ, ಮಾಸ್ಕೋದಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವ ಶಿಕ್ಷಣ ಸಂಸ್ಥೆಯಲ್ಲಿ ಚರಿತ್ರೆ ಓದುತ್ತಿದ್ದ ಇವರು ಬಕೂನಿನ್‌ನ ಶಿಷ್ಯರು. ಸರ್ಕಾರವೆಂಬುದೇ ಬೇಡ, ಕಾರ್ಖಾನೆ ದುಡಿಯುವವರ ಕೈಗೆ ಬರಲಿ ಎಂದು 1989ರಲ್ಲಿ ಕಟ್ಟಿದ ಅರಾಜಕವಾದಿ ಕಾರ್ಮಿಕ ಒಕ್ಕೂಟದ ಮುಂದಾಳು. ಆಮೇಲೆ ಮಾಸ್ಕೋ ಸಂಘಗಳ 'ಸಾಲಿದಾರ್ನೊಸ್ತ್' ಪತ್ರಿಕೆಯ ಸಂಪಾದಕ. ಬೋರಿಸ್ ಕಾಗರ್ಲಿತ್‌ಸ್ಕಿ ಮುಂತಾದವರ ಜೊತೆ ಸೇರಿ ಕಾರ್ಮಿಕರ ಪಕ್ಷ ಕಟ್ಟಲು ಹೊರಟವರಲ್ಲಿ ಒಬ್ಬ. ಅಲ್ಲಿಂದ ದೇಶದ ಅತಿ ದೊಡ್ಡ ಕಾರ್ಮಿಕ ಸಂಘಗಳ ಮಹಾಮಂಡಲದ ಕಾರ್ಯದರ್ಶಿ. 1999ರಲ್ಲಿ ಡ್ಯೂಮಾ, ಹಿಂದೆಯೇ ಪುಟಿನ್ ಅವರ 'ಯುನೈಟೆಡ್ ರಷ್ಯಾ'. ಸರ್ಕಾರವೇ ಬೇಡವೆಂದವರಿಗೆ ಸರ್ಕಾರ ಎಷ್ಟು ರುಚಿಸಿತು ನೋಡಿ!

2002ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯ ಕರಡಿನಲ್ಲಿ ಇವರ ಕೈ ಇತ್ತು. ಅದರ ಪ್ರಕಾರ ಮುಷ್ಕರಕ್ಕೆ ಕಾರ್ಮಿಕರ ಸಭೆಯ ಅಥವಾ ಪ್ರತಿನಿಧಿಗಳ ಸಮ್ಮೇಳನದ ಒಪ್ಪಿಗೆ ಬೇಕು, ಆಗ ಹತ್ತು ದಿನ ಮುಂಚೆ ನೋಟೀಸೂ ಬೇಕಿತ್ತು, ಎಷ್ಟು ದಿನದ ಮುಷ್ಕರವೆಂದು ಮೊದಲೇ ತಿಳಿಸಬೇಕಿತ್ತು. ಇಷ್ಟು ದಿನ ತಡೆದುಕೊಂಡರೆ ಸಾಕೆಂದು ಮಾಲೀಕನಿಗೆ ಬರೆದುಕೊಟ್ಟ ಮೇಲೆ ಅದು ಮುಷ್ಕರವೋ, ರಜಾ ಅರ್ಜಿಯೋ? ಮಗ್ಗದ ಮುಂದೆ ನಿಲ್ಲುವ ನಮ್ಮ ಓದುಗರೇ ಹೇಳಲಿ.

2004ರಲ್ಲಿ ಮುದುಕರ, ಅಂಗವಿಕಲರ ಉಚಿತ ಬಸ್ಸು, ಉಚಿತ ಔಷಧಿಗಳನ್ನು ತೆಗೆದು ಕೈಗೆ ಒಂದಿಷ್ಟು ಕಾಸು ಹಾಕುವ ಕಾನೂನು ಬಂತು. ಡ್ಯೂಮಾದ ಕಾರ್ಮಿಕ ಸಮಿತಿಯ ಅಧ್ಯಕ್ಷ ಪೀಠದಲ್ಲಿದ್ದು ಅದನ್ನು ಸಮರ್ಥಿಸಿದವರು ಇವರೇ. 2005ರ ಜನವರಿಯ ಹಿಮದಲ್ಲಿ ಅಜ್ಜಿಯರು ರಸ್ತೆಗಿಳಿದು ವಾಹನಗಳನ್ನು ತಡೆದರು.

ಇವೆಲ್ಲಕ್ಕಿಂತ ದೊಡ್ಡದು ನಿವೃತ್ತಿ ವಯಸ್ಸಿನ ಸಂಗತಿ. 2018ರ ಜೂನ್ 14ರಂದು, ಮಾಸ್ಕೋದಲ್ಲಿ ವಿಶ್ವ ಫುಟ್‌ಬಾಲ್ ಪಂದ್ಯಾವಳಿ ತೊಡಗಿದ ದಿನವೇ, ಜನರ ಕಣ್ಣು ಚೆಂಡಿನ ಮೇಲಿದ್ದಾಗ, ಸರ್ಕಾರ ಅದನ್ನು ಹೊರಗೆಡವಿತು. ಗಂಡಸರ ನಿವೃತ್ತಿ 60ರಿಂದ 65ಕ್ಕೆ. ಹೆಂಗಸರದು 55ರಿಂದ 63ಕ್ಕೆ. ಗಲಾಟೆ ಎದ್ದ ಮೇಲೆ ಹೆಂಗಸರದನ್ನು 60ಕ್ಕೆ ಇಳಿಸಿದರು. ರಷ್ಯಾದ ಗಂಡಸಿನ ಸರಾಸರಿ ಆಯುಸ್ಸು ಆಗ 67ರ ಆಸುಪಾಸು. ನಲವತ್ತು ವರ್ಷ ದುಡಿದವನಿಗೆ ಕೂತು ಉಣ್ಣಲು ಎರಡು ವರ್ಷ! ಪಿಂಚಣಿ ಮುಂದಕ್ಕೆ ಹೋದರೆ ಮನೆಯ ಸಾಮಾನು ಉದ್ರಿಯಲ್ಲಿ ಬರುತ್ತದೆಂಬುದನ್ನು ಅಂಗಡಿ ಇಟ್ಟವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಸಾಯೆವ್ ಹಿಂದೆ ಕಾರ್ಯದರ್ಶಿಯಾಗಿದ್ದ ಮಹಾಮಂಡಲವೇ ಇದನ್ನು ವಿರೋಧಿಸಿತು. ಇಸಾಯೆವ್ ಮಾತ್ರ ಮುಂದೆ ನಿಂತು ಸಮರ್ಥಿಸಿದರು. ಅದಕ್ಕಾಗಿ ಯಾವ ರಾಜಧಾನಿಯೂ ಯಾರ ಮೇಲೂ ನಿರ್ಬಂಧ ಹಾಕಲಿಲ್ಲ. ಹಾಕುವುದೂ ಇಲ್ಲ, ನಿವೃತ್ತಿ ವಯಸ್ಸು ಏರಿಸುವ ವಿದ್ಯೆ ಅವರಿಗೂ ಬೇಕಾದದ್ದೇ.

ನಿರ್ಬಂಧವೆಂದರೇನು? ಆ ದೇಶಗಳಿಗೆ ಕಾಲಿಡುವಂತಿಲ್ಲ, ಅಲ್ಲಿ ಹಣವಿದ್ದರೆ ಮುಟ್ಟುವಂತಿಲ್ಲ. ಮಾಸ್ಕೋದಲ್ಲಿ ಕುರ್ಚಿಯಿರುವವರಿಗೆ ಇದೇನು ಮಹಾ ಕಷ್ಟ? ಕುರ್ಚಿ ಕೊಟ್ಟ ಕೈಗೆ ಅದು ನಿಷ್ಠೆಯ ಪ್ರಶಸ್ತಿ ಪತ್ರವಾಗಿಯೂ ಕಾಣಬಹುದು. ಇಸಾಯೆವ್ ಡ್ಯೂಮಾದಲ್ಲಿ ಮುಂದುವರಿದರು.

ಹಳೆಯ ಸಂಗಾತಿ ಕಾಗರ್ಲಿತ್‌ಸ್ಕಿ? ಅವರು ಸರ್ಕಾರದ ಪಕ್ಷ ಸೇರಲಿಲ್ಲ, ಯುದ್ಧವನ್ನು ವಿರೋಧಿಸಿದರು. ಅವರಾಡಿದ ಮಾತಿಗೆ ಭಯೋತ್ಪಾದನೆಯ ಸಮರ್ಥನೆ ಎಂದು ಹೆಸರಿಟ್ಟು 2023ರ ಜುಲೈಯಲ್ಲಿ ಹಿಡಿದರು. ಡಿಸೆಂಬರಿನಲ್ಲಿ ದಂಡ ಹಾಕಿ ಬಿಟ್ಟರು. ಅಷ್ಟು ಸಾಲದೆಂದು ಸರ್ಕಾರಿ ವಕೀಲರು ಮೇಲ್ಮನವಿ ಹೋದರು. 2024ರ ಫೆಬ್ರವರಿಯಲ್ಲಿ, ಅರುವತ್ತೈದು ದಾಟಿದ ಆ ಮನುಷ್ಯನಿಗೆ, ಐದು ವರ್ಷ ಸೆರೆವಾಸವಾಯಿತು.