ಪಶ್ಚಾತ್ತಾಪದ ಪಾಠ

ನಮ್ಮ ಪಾಪಿನಾಯಕನಹಳ್ಳಿಯ ಹೆಸರನ್ನು ಕೇಳಿ ಪರಸ್ಥಳದವರು ನಗುವುದುಂಟು. ಆದರೆ ಪಾಪವಿರುವುದು ಹೆಸರಿನಲ್ಲಲ್ಲ. ತಿಳಿದು ತಿಳಿದು ಮಾಡುವ ತಪ್ಪಿನಲ್ಲಿ. ಇದನ್ನು ಮಕ್ಕಳಿಗೆ ಕಲಿಸುವ ಬಗೆ ಹೇಗೆ?

ನಮ್ಮ ಹೊಸಪೇಟೆಯ ಸೀಮೆಯು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಕಥೋಲಿಕ ಧರ್ಮಪ್ರಾಂತಕ್ಕೆ ಸೇರಿದುದು. ಕಥೋಲಿಕರು ಮಗುವಿಗೆ ಸುಮಾರು 7ನೆಯ ವಯಸ್ಸಿನಲ್ಲಿ, ವಿವೇಕ ಮೂಡಿದೊಡನೆ, ಪಾಪನಿವೇದನೆಯನ್ನು ಕಲಿಸುತ್ತಾರೆ. ಈ ವಯಸ್ಸನ್ನು ಪೋಪ್ 10ನೆಯ ಪಯಸರು 1910ರಲ್ಲಿ ಗೊತ್ತುಪಡಿಸಿದರು. ಆತ್ಮಶೋಧನೆ, ಪಶ್ಚಾತ್ತಾಪ, ಮತ್ತೆ ಮಾಡೆನೆಂಬ ಸಂಕಲ್ಪ, ಗುರುಗಳಲ್ಲಿ ನಿವೇದನೆ, ಪ್ರಾಯಶ್ಚಿತ್ತ, ಇದು ಕ್ರಮ. ಕದ್ದುದನ್ನು ಹಿಂದಿರುಗಿಸದೆ ಬರಿಯ ಕಣ್ಣೀರು ಸಾಲದು.

ಈ ಕ್ರಮದ ಬೆಲೆಯನ್ನು ನಾನು ತಡವಾಗಿ ಅರಿತೆನು. ಉಪಾಧ್ಯಾಯನಾಗಿದ್ದಾಗ, ಬಳಪ ಕದ್ದ ಬಾಲಕನೊಬ್ಬನನ್ನು ಬೆತ್ತದಿಂದ ಹೊಡೆದೆನು. ಅವನು ಕಳ್ಳತನವನ್ನು ಬಿಡಲಿಲ್ಲ, ಮರೆಮಾಚುವುದನ್ನು ಕಲಿತನು. ಅವನ ಕೈಯಿಂದಲೇ ಬಳಪವನ್ನು ಕಳೆದುಕೊಂಡವನಿಗೆ ಕೊಡಿಸಬೇಕೆಂದು ನನಗೆ ಹೊಳೆಯಲಿಲ್ಲ. ಪಶ್ಚಾತ್ತಾಪವೆಂದರೆ ಮಾಡಿದ ಮೇಲೆ ಹುಟ್ಟುವ ಬೇಗೆ. ಅದು ಒಳಗಿನಿಂದ ಏಳತಕ್ಕದ್ದು. ಬೆತ್ತದ ಉರಿ ಅದಲ್ಲ.

ಆದುದರಿಂದ ತಪ್ಪನ್ನೊಪ್ಪಿದ ಮಗುವನ್ನು ಮೊದಲು ಹತ್ತಿರ ಕರೆಯಿರಿ. ಬಳಿಕ, “ಇದನ್ನು ಹೇಗೆ ಸರಿಪಡಿಸುವೆ, ಮಗು?” ಎಂದು ಕೇಳಿರಿ. ಉತ್ತರವನ್ನು ಅದೇ ಹುಡುಕಲಿ.