ಮೂರು ಪುಸ್ತಕ, ಒಂದು ಸಿನಿಮಾ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ‘ನಾಗರಹಾವು’ ಎಂದರೆ ವಿಷ್ಣುವರ್ಧನ್ ಹೆಸರು ಬರುತ್ತದೆ, ತ.ರಾ.ಸು. ಹೆಸರಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರು ಕಾದಂಬರಿಗಳನ್ನೂ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರಕ್ಕೆ ತುರುಕಿದರು. ಬರೆದವರಿಗೇ ಅದು ಹಿಡಿಸಲಿಲ್ಲ.

ಹಾಡು, ಕೋಟೆ, ಆರತಿಯ ಅಭಿನಯ ಎಲ್ಲ ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಅಲಮೇಲು? ಮದುವೆಯಾಗಿ ಹೋದವಳು ಮತ್ತೆ ಕಾಣುವಾಗ ಮೈ ಮಾರುವವಳು! ನಡುವಿನ ಅವಳ ದಿನಗಳಿಗೆ ಪುರುಸೊತ್ತೇ ಇಲ್ಲ. ರಾಮಾಚಾರಿಯ ಸಿಟ್ಟಿಗೆ ಬೇಕಾದಷ್ಟಿದೆ.

ಹ್ಯಾರಿ ಪಾಟರ್‌ನ ಏಳು ಪುಸ್ತಕಗಳಿಗೆ 2001ರಿಂದ 2011ರವರೆಗೆ ಎಂಟು ಸಿನಿಮಾ ತೆಗೆದರು. ಮಾಯಾಮಂತ್ರದ ಹುಡುಗನಿಗೆ ಅಷ್ಟು ತಾಳ್ಮೆ. ದುಡ್ಡಿನ ನೆಪ ಹೇಳಬೇಡಿ. ಮೂರನ್ನು ಮೂರಾಗಿ ತೆಗೆದಿದ್ದರೆ ನಾವು ಹೆಂಗಸರು ಮೂರು ಸಲವೂ ಟಿಕೆಟ್ ಕೊಳ್ಳುತ್ತಿದ್ದೆವು.