ಶಾಲೆಯ ಮಕ್ಕಳ ಮನೋವ್ಯಥೆ

2024ನೆಯ ಇಸವಿ ಜನವರಿಯಲ್ಲಿ 108 ಅಡಿಯ ಧ್ವಜಸ್ತಂಭದ ದೆಸೆಯಿಂದ ಕೆರಗೋಡಿನ ಹೆಸರು ನಾಡೆಲ್ಲ ಕೇಳಿಬಂದಿತು. ಆ ಗಮನದಲ್ಲಿ ಕಿಂಚಿತ್ತಾದರೂ ಅಲ್ಲಿಯ ಪ್ರೌಢಶಾಲೆಯ ಬಾಲಕಬಾಲಿಕೆಯರ ಕಡೆಗೆ ತಿರುಗಬೇಕೆಂಬುದು ನಮ್ಮ ಕೋರಿಕೆ.

ವಿಶಾಖಪಟ್ಟಣದ ವಿದ್ಯಾರ್ಥಿನಿಯೊಬ್ಬಳ ಮರಣದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ನೆಯ ಜುಲೈ 25ರಂದು ತೀರ್ಪಿತ್ತು, ನೂರು ಮತ್ತು ಅದಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವ ಪ್ರತಿಯೊಂದು ವಿದ್ಯಾಸಂಸ್ಥೆಯೂ ತರಬೇತಿ ಹೊಂದಿದ ಆಪ್ತಸಲಹೆಗಾರರೊಬ್ಬರನ್ನಾದರೂ ನೇಮಿಸತಕ್ಕದ್ದೆಂದೂ, ಉಪಾಧ್ಯಾಯರಿಗೆ ವರ್ಷಕ್ಕೆ ಎರಡಾವರ್ತಿ ಈ ವಿಷಯದಲ್ಲಿ ಶಿಕ್ಷಣ ಕೊಡಿಸತಕ್ಕದ್ದೆಂದೂ ವಿಧಿಸಿರುತ್ತದೆ. ಶಾಸನವಾಗುವ ಪರ್ಯಂತ ಇದೇ ಕಾನೂನು. ವಿಧಿಯೇನೋ ಉತ್ತಮವಾದುದೇ. ಹಳ್ಳಿಗೆ ಬರುವ ಸಲಹೆಗಾರರಾರು, ಸಂಬಳ ಯಾವ ಲೆಕ್ಕದಲ್ಲಿ? ಸರ್ಕಾರದವರು ಉತ್ತರ ಹೇಳಬೇಕು.

ನಮ್ಮ ಜಿಲ್ಲೆಯ ಸ್ಥಿತಿ ಬೇರೆಯೇ ಆದುದು. 2015ರಲ್ಲಿ ಕಬ್ಬಿನ ಬಾಕಿ, ಸಾಲಗಳ ಸಂಕಟದಲ್ಲಿ ಮಂಡ್ಯ ಸೀಮೆಯ ಅನೇಕ ರೈತರು ಪ್ರಾಣ ಕಳೆದುಕೊಂಡರು. ಅಂತಹ ಮನೆಯ ಮಕ್ಕಳು ಪುನಃ ಬಂದು ಕುಳಿತದ್ದು ಶಾಲೆಯ ಬೆಂಚಿನ ಮೇಲೆಯೇ. ಹಾಜರಿ ಪುಸ್ತಕದಲ್ಲಿ ಮಗು ಬಾರದ ದಿನಗಳು ದಾಖಲಾಗುತ್ತವೆಯೇ ಹೊರತು ಕಾರಣವಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ತಪ್ಪಿದವರಿಗೆ ಅದೇ ವರ್ಷ ಮರುಪರೀಕ್ಷೆಯುಂಟೆಂದು ಫಲಿತಾಂಶದ ದಿನ ಮಗುವಿಗೆ ನೆನಪಿಸುವ ತಂದೆತಾಯಿಗಳೆಷ್ಟು ಮಂದಿ? ಬೈಗುಳ ಮಾತ್ರ ಧಾರಾಳ!

ನೇಮಕವಾಗುವವರೆಗೆ ಸುಮ್ಮನಿರಬೇಕಾದುದಿಲ್ಲ. ಮಕ್ಕಳು ಅಂಜದೆ ಮಾತನಾಡಬಲ್ಲ ಉಪಾಧ್ಯಾಯರೋ ಉಪಾಧ್ಯಾಯಿನಿಯೋ ಒಬ್ಬರಿಗೆ ಮುಖ್ಯೋಪಾಧ್ಯಾಯರು ಈ ಹೊಣೆಯನ್ನು ವಹಿಸಿ, ಅವರ ಪಾಠದ ಅವಧಿಗಳನ್ನು ಕಡಮೆ ಮಾಡಲಿ. ಗುಟ್ಟು ಕೊಠಡಿಯಿಂದಾಚೆ ಹೋಗದಿರಲಿ. ತಮ್ಮಿಂದಾಗದುದನ್ನು ಮಂಡ್ಯದ ವೈದ್ಯರಿಗೆ ಒಪ್ಪಿಸಲಿ. 2022ನೆಯ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಪುಕ್ಕಟೆಯಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಯಿಸಲು ಯಾವ ಮಂಜೂರಾತಿಯೂ ಬೇಕಾಗಿಲ್ಲ.